ಬೋಣಿಗೆ ಮುಂಚೆ ಬಂದ ಫೋನು

ನಮ್ಮವ್ವನ ಎದೆಗೆ ಯಂತ್ರ ಕೂರಿಸಿದ ಮಾರನೆಯ ದಿನ, ಜಯನಗರದ ಆಸ್ಪತ್ರೆಯ ಸಣ್ಣ ಕೋಣೆಯೊಂದರಲ್ಲಿ ಟೆಕ್ನಿಷಿಯನ್ ಹುಡುಗಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಹೇಳಿದ್ದೆಲ್ಲ ನನಗೆ. ಅವ್ವ ಗಾಲಿ ಕುರ್ಚಿಯಲ್ಲಿ ಕೂತು ಗೋಡೆಯ ಮೇಲಿದ್ದ ಹೃದಯದ ಚಿತ್ರವನ್ನು ಅನುಮಾನದಿಂದ ನೋಡುತ್ತಿದ್ದಳು. ಅಣ್ಣ ಹೊರಗೆ ಕಾರಿಡಾರಿನಲ್ಲಿ ನಿಂತು, ಸಿಮೆಂಟಿನ ಲೋಡು ಎಲ್ಲಿ ಇಳಿಸಬೇಕೆಂದು ಫೋನಿನಲ್ಲಿ ಯಾರಿಗೋ ಕೂಗಿ ಹೇಳುತ್ತಿದ್ದ.

ಅವ್ವನ ಹೃದಯ ಸೋತಿತ್ತು. ನಿಂತಿರಲಿಲ್ಲ, ಸೋತಿತ್ತು. ರಕ್ತ ಒತ್ತುವ ಕಸುವು ಅದಕ್ಕೆ ಉಳಿದಿರಲಿಲ್ಲ. ಡಾಕ್ಟರು ಇದನ್ನು ಹಾರ್ಟ್ ಫೇಲ್ಯೂರ್ ಎಂದಾಗ ಅಣ್ಣ, "ಏನ್ ಸಾರ್ ಹಿಂಗಂತೀರ, ಎದುರ್ಗೇ ಕೂತವ್ರಲ್ಲ" ಎಂದು ಜಗಳಕ್ಕೇ ಹೋಗಿದ್ದ. ಈಗ ಎಡಗಡೆ ಕತ್ತಿನ ಮೂಳೆಯ ಕೆಳಗೆ ಚರ್ಮದಡಿ ಕೂರಿಸಿದ ಯಂತ್ರ ಹೃದಯವನ್ನು ಲಯ ತಪ್ಪದಂತೆ ಬಡಿಸುತ್ತದೆ, ಜೊತೆಗೆ ಒಳಗಿನ ಸಮಾಚಾರವನ್ನೂ ಗುರುತಿಟ್ಟುಕೊಳ್ಳುತ್ತದೆ. ಹಾಸಿಗೆಯ ಪಕ್ಕ ಒಂದು ಡಬ್ಬಿ ಇಡಬೇಕು. ಅವ್ವ ಮಲಗಿರುವಾಗ ಡಬ್ಬಿ ಆ ಸಮಾಚಾರವನ್ನು ತೆಗೆದುಕೊಂಡು ಆಸ್ಪತ್ರೆಗೆ ಕಳಿಸುತ್ತದೆ. ಬೆಳಿಗ್ಗೆ ಇಲ್ಲಿಯವರು ಕಂಪ್ಯೂಟರಿನಲ್ಲಿ ನೋಡುತ್ತಾರೆ. ಏನಾದರೂ ಏರುಪೇರು ಕಂಡರೆ ಮನೆಗೆ ಫೋನ್ ಮಾಡಿ ವಿಚಾರಿಸುತ್ತಾರೆ. ನಾವು ಕೊಡುವ ಉತ್ತರ ನೋಡಿ ಮಾತ್ರೆ ಹೆಚ್ಚಿಸುವುದೋ, ಕರೆಸಿಕೊಳ್ಳುವುದೋ ಎಂದು ಡಾಕ್ಟರು ತೀರ್ಮಾನಿಸುತ್ತಾರೆ.

"ಸೋ, ಫೋನ್ ಮಾತ್ರ ಮಿಸ್ ಮಾಡ್ಬಾರ್ದು ಮೇಡಂ. ಕಾಂಟ್ಯಾಕ್ಟ್ ನಂಬರ್ ಹೇಳಿ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅದುವರೆಗೂ ತುಟಿ ಬಿಚ್ಚದಿದ್ದ ಅವ್ವ, "ನಮ್ ಹುಡ್ಗಂದು ಹಾಕ್ಕೊಳವ್ವ. ಅವ್ನ ಕರೀರಿ" ಎಂದಳು.

"ಅವ್ವ, ಅಣ್ಣ ಅಂಗಡೀಲಿರ್ತಾನೆ. ನಂದು ಕೊಡ್ತೀನಿ."

"ನೀನು ಕೊಟ್ಟ ಮನೇಲಿರೋಳು. ಮಗ ಇರೋವಾಗ ಮಗಳ ನಂಬರು ಕೊಡಾಕಾಯ್ತದಾ?"

"ಎರಡೂ ಹಾಕ್ಕೊಳ್ಳಿ" ಎಂದೆ ಹುಡುಗಿಗೆ.

"ಸಿಸ್ಟಮ್‌ನಲ್ಲಿ ಒಂದೇ ತಗೊಳ್ಳತ್ತೆ ಮೇಡಂ. ಪೇಷಂಟ್ ಹೇಳಿದ್ದೇ ಹಾಕ್ಬೇಕು."

ಅಣ್ಣ ಒಳಗೆ ಬಂದ, ನಂಬರು ಹೇಳಿದ, "ಎಷ್ಟೊತ್ತಿಗ್ ಬೇಕಾದ್ರೂ ಮಾಡಿ ಮೇಡಂ, ನಮ್ಮವ್ವನ ವಿಷ್ಯ" ಎಂದ, ಮತ್ತೆ ಸಿಮೆಂಟಿನ ಕಡೆಗೆ ಹೋದ. ಅವ್ವನ ಮುಖದಲ್ಲಿ ಆಪರೇಷನ್ ಆದ ಮೇಲೆ ಮೊದಲ ಸಲ ನೆಮ್ಮದಿ ಕಂಡಿತು.

ನಾನು ಫಿಸಿಕ್ಸ್ ಓದಿದವಳು. ನನ್ನನ್ನು ಯಾರೂ ಓದಿಸಲಿಲ್ಲ, ನಾನೇ ಓದಿದೆ. ಕೋಣನಕುಂಟೆ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ಎಮ್ಮೆ ಕರೆದು, ಸಗಣಿ ಬಾಚಿ, ಕೈ ವಾಸನೆ ಹೋಗುವವರೆಗೆ ತೊಳೆದು, ಕನಕಪುರ ರಸ್ತೆಯಲ್ಲಿ ಬಸ್ಸಿಗೆ ಜೋತುಬಿದ್ದು ಜಯನಗರದ ಕಾಲೇಜಿಗೆ ಹೋದವಳು. ಲ್ಯಾಬಿನಲ್ಲಿ ನನ್ನ ಪಕ್ಕ ನಿಂತ ಹುಡುಗಿಯರು ಮೂಗು ಮುಚ್ಚಿಕೊಂಡರೆ ನಾನು ರೀಡಿಂಗ್ ಬರೆದುಕೊಳ್ಳುತ್ತಿದ್ದೆ. ನಮ್ಮ ಮನೆತನದಲ್ಲಿ ಡಿಗ್ರಿ ಮೊದಲು ಬಂದದ್ದು ನನಗೆ. ಹೇಳಿಕೊಳ್ಳಲು ಸಂಕೋಚವಿಲ್ಲ. ಈಗ ಜೆ.ಪಿ. ನಗರದ ಪಿಯು ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ, ಪದ್ಮನಾಭನಗರದಲ್ಲಿ ನನ್ನ ಸಂಬಳದ ಸಾಲದಲ್ಲಿ ಕಟ್ಟಿದ ಮನೆಯಿದೆ.

ಡಿಗ್ರಿ ಬಂದಾಗ ಮನೆಯವರೆಲ್ಲ ಜಯನಗರ ಫೋರ್ತ್ ಬ್ಲಾಕಿನ ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಂಡೆವು. ಫೋಟೋದವನು ಸರ್ಟಿಫಿಕೇಟು ಮಧ್ಯಕ್ಕೆ ಬರಲಿ ಎಂದ. ಮಧ್ಯದಲ್ಲಿ ನಿಂತಿದ್ದವನು ಅಣ್ಣ. ಯಾರೂ ಜಾಗ ಬದಲಾಯಿಸಲಿಲ್ಲ, ಸರ್ಟಿಫಿಕೇಟನ್ನು ಅವನ ಕೈಗೆ ಕೊಟ್ಟರು. ಹತ್ತನೇ ಕ್ಲಾಸನ್ನು ದಾಟಲಾಗದ ಅಣ್ಣ ನನ್ನ ಡಿಗ್ರಿ ಹಿಡಿದು ನಗುತ್ತಿರುವ ಆ ಫೋಟೋ ಇವತ್ತಿಗೂ ಅವ್ವನ ಕೋಣೆಯಲ್ಲಿದೆ. ನಾನು ಒಂದು ತುದಿಯಲ್ಲಿದ್ದೇನೆ, ಅರ್ಧ ತೋಳು ಚೌಕಟ್ಟಿನ ಆಚೆ.

ಅಣ್ಣ ಕೆಟ್ಟವನಲ್ಲ. ಊರು ಬೆಳೆದು ನಮ್ಮ ಹೊಲ ಹೋದ ಮೇಲೆ ಆ ಜಾಗದಲ್ಲಿ ಎದ್ದ ಕಟ್ಟಡದ ಮೇಲಿನ ಮಹಡಿಗಳಲ್ಲಿ ಬಾಡಿಗೆಯವರಿದ್ದಾರೆ, ನೆಲಮಹಡಿಯಲ್ಲಿ ಅಣ್ಣ, ಅತ್ತಿಗೆ, ಅವ್ವ. ರಸ್ತೆಗೆ ಅವನ ಹಾರ್ಡ್‌ವೇರ್ ಅಂಗಡಿ. ಅವ್ವನಿಗೆ ಉಪ್ಪು ಕಡಿಮೆ ಎಂದು ಡಾಕ್ಟರು ಹೇಳಿದ ದಿನದಿಂದ ಅವನೂ ಉಪ್ಪಿಲ್ಲದ ಸಾರು ಉಣ್ಣುತ್ತಾನೆ. ಇದನ್ನು ಬರೆಯದಿದ್ದರೆ ತಪ್ಪಾಗುತ್ತದೆ.

ಡಬ್ಬಿಯನ್ನು ಅವ್ವನ ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟೆವು. ಪುಟ್ಟ ಹಸಿರು ದೀಪ ಹತ್ತಿತು. ಅದರಲ್ಲಿ ಡಾಕ್ಟರು ಕೂತು ನೋಡುತ್ತಾರೆಂದು ಅವ್ವನ ನಂಬಿಕೆ. ಸೀರೆ ಬದಲಾಯಿಸುವಾಗ ಅದರ ಮುಖವನ್ನು ಗೋಡೆಗೆ ತಿರುಗಿಸುತ್ತಿದ್ದಳು.

"ಅವ್ವ, ಅದಕ್ಕೆ ಕಣ್ಣಿಲ್ಲ. ಕಿವೀನೂ ಇಲ್ಲ. ಒಳಗಿರೋ ಯಂತ್ರ ಹೇಳಿದ್ದನ್ನ ಕಳಿಸತ್ತೆ, ಅಷ್ಟೇ."

"ನಿಂಗ್ ಹಂಗಂತ ಯಾರ್ ಹೇಳುದ್ರು?"

"ನಾನು ಓದಿದ್ದೀನಿ."

"ಓದಿದೋರ್ಗೆ ಎಲ್ಲಾ ಗೊತ್ತಿರ್ತದಾ? ಸುಮ್ಕಿರು, ಕೇಳುಸ್ಕೊಂಡಾರು."

ನಕ್ಕೆವು. ಅತ್ತಿಗೆಯಂತೂ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡಿದಳು. ಆದರೆ ಆ ನಂಬಿಕೆ ಬೇರೆ ಕೆಲಸವನ್ನೂ ಮಾಡುತ್ತಿತ್ತು. ಅವ್ವ ತನ್ನ ಮೈಯ ಮಾತನ್ನು ಹೇಳುವುದನ್ನೇ ಬಿಟ್ಟಳು. ಮೊದಲೆಲ್ಲ ಮೆಟ್ಟಿಲು ಹತ್ತಿದರೆ "ಏದುಸ್ರು ಬರ್ತದೆ" ಎನ್ನುತ್ತಿದ್ದವಳು, ಈಗ ಕೇಳಿದರೆ ಡಬ್ಬಿಯ ಕಡೆ ಕೈ ತೋರಿಸುತ್ತಿದ್ದಳು. ಅದು ಹೇಳುತ್ತದಲ್ಲ, ನಾನ್ಯಾಕೆ ಹೇಳಲಿ ಎಂಬ ಧಾಟಿ.

ಆ ಬೇಸಿಗೆಯಲ್ಲಿ ನನಗೆ ಮೌಲ್ಯಮಾಪನದ ಡ್ಯೂಟಿ ಬಿತ್ತು. ಬೆಳಿಗ್ಗೆ ಹೋದರೆ ಸಂಜೆವರೆಗೆ ಉತ್ತರಪತ್ರಿಕೆ. ಭಾನುವಾರವೂ ಬಿಡುವಿಲ್ಲ. ಕೋಣನಕುಂಟೆಗೆ ಹೋಗಲಾಗಲಿಲ್ಲ, ದಿನಾ ಸಂಜೆ ಫೋನ್ ಮಾಡುತ್ತಿದ್ದೆ. ಅವ್ವನ ಮಾತು ನಡುನಡುವೆ ತುಂಡಾಗುತ್ತಿತ್ತು.

"ಯಾಕವ್ವ ಹಂಗ್ ಮಾತಾಡ್ತೀಯ? ಕಾಲು ಊದಿದ್ಯಾ? ಅತ್ತಿಗೆಗೆ ಕೊಡು ಫೋನು."

"ಅವ್ಳು ಅಂಗ್ಡೀಗ್ ಕಾಫಿ ತಗೊಂಡೋಗವ್ಳೆ. ನಂಗೇನಾಗದೆ? ಏನಾರ ಆಗಿದ್ರೆ ಆಸ್ಪತ್ರೆಯೋರು ಫೋನ್ ಮಾಡ್ತಿದ್ರು."

ಅಣ್ಣನಿಗೆ ಮಾಡಿದರೆ, "ಅವ್ವ ಸೂಪರ್ರಾಗವ್ಳೆ ಕಣಮ್ಮ. ನೀನು ಪೇಪರ್ ತಿದ್ದು, ಮಕ್ಳನ್ನ ಫೇಲ್ ಮಾಡು" ಎಂದು ನಗುತ್ತಿದ್ದ.

ಒಂದು ಬೆಳಿಗ್ಗೆ ಮೌಲ್ಯಮಾಪನ ಕೇಂದ್ರದ ಗೇಟಿನಲ್ಲಿ ಗಾಡಿ ನಿಲ್ಲಿಸುತ್ತಿದ್ದಾಗ ಅತ್ತಿಗೆಯ ಫೋನು ಬಂತು. "ಅತ್ತೆಗೆ ಉಸ್ರೇ ಸಿಗ್ತಿಲ್ಲ ಕಣವ್ವ, ನೀರಿಂದ ಎತ್ತಿ ಆಚೆಗಾಕಿದ್ ಮೀನಾಡ್ದಂಗ್ ಆಡ್ತಾವ್ರೆ, ನಿಮ್ಮಣ್ಣ ಕಾರಲ್ಲಿ ಕರ್ಕೊಂಡೋಗ್ತಾವ್ರೆ, ನೀನು ಆಸ್ಪತ್ರೆಗೇ ಬಾ." ನಾನು ಹೋಗುವ ಹೊತ್ತಿಗೆ ಅವ್ವನ ಮುಖಕ್ಕೆ ಮಾಸ್ಕು ಕಟ್ಟಿದ್ದರು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಪಾದ ಒತ್ತಿದರೆ ಬೆರಳು ಹೂತಷ್ಟೂ ಗುಳಿ. ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದರು. ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ನನ್ನನ್ನು ಕೇಳಿದರು, "ಇವರದು ಮನೆಯಿಂದಲೇ ಮಾನಿಟರ್ ಆಗ್ತಿತ್ತಲ್ವಾ? ಇಷ್ಟು ನೀರು ಒಂದೇ ದಿನದಲ್ಲಿ ತುಂಬಲ್ಲ. ಯಾರೂ ಫೋನ್ ಮಾಡ್ಲಿಲ್ವಾ?"

ಅದೇ ಪ್ರಶ್ನೆಯನ್ನು ಹೊತ್ತುಕೊಂಡು ಸಣ್ಣ ಕೋಣೆಗೆ ನುಗ್ಗಿದೆ. ಅಲ್ಲಿ ಅದೇ ಹುಡುಗಿ. ಜಗಳ ಮಾಡಬೇಕೆಂದೇ ಹೋಗಿದ್ದೆ. ಅವಳು ಹೆದರಲಿಲ್ಲ, ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದಳು.

ಒಂದು ಗೆರೆ. ಎಷ್ಟೋ ಕಾಲ ಸಮತಟ್ಟಾಗಿ ಬಂದದ್ದು ಒಂದು ಕಡೆಯಿಂದ ಕೆಳಗೆ ಜಾರಲು ಶುರುವಾಗಿ ಜಾರುತ್ತಲೇ ಹೋಗಿತ್ತು. ಯಾರೂ ವಿವರಿಸಬೇಕಾಗಿರಲಿಲ್ಲ. ಎದೆಯೊಳಗಿನ ಯಂತ್ರ ಸಣ್ಣ ವಿದ್ಯುತ್ತನ್ನು ಶ್ವಾಸಕೋಶದ ಮೂಲಕ ಹಾಯಿಸಿ ಎಷ್ಟು ತಡೆ ಇದೆ ಎಂದು ಅಳೆಯುತ್ತದೆ. ಒಣ ಜಾಗದಲ್ಲಿ ತಡೆ ಹೆಚ್ಚು, ನೀರಿದ್ದಲ್ಲಿ ಕಡಿಮೆ. ಉಪ್ಪು ನೀರಿನಲ್ಲಿ ವಯರು ಅದ್ದಿ ಬಲ್ಬು ಹೊತ್ತಿಸಿ ಇದನ್ನೇ ನಾನು ವರ್ಷಾ ವರ್ಷ ಮಕ್ಕಳಿಗೆ ತೋರಿಸುತ್ತೇನೆ. ಅವ್ವ ಒಳಗೊಳಗೇ ತುಂಬಿಕೊಳ್ಳುತ್ತಿದ್ದುದು ಇಲ್ಲಿ ಅಚ್ಚುಕಟ್ಟಾಗಿ ಬಿದ್ದಿತ್ತು. ಅದರ ಕೆಳಗೆ ಇನ್ನೊಂದು ಗೆರೆ, ಅವಳು ದಿನಕ್ಕೆ ಎಷ್ಟು ಓಡಾಡಿದಳು ಎಂಬುದು. ಅದೂ ನೆಲ ಕಚ್ಚಿತ್ತು.

"ಅಲರ್ಟ್ ಬಂದ ಬೆಳಿಗ್ಗೇನೇ ಫೋನ್ ಮಾಡಿದ್ವಿ ಮೇಡಂ. ಆಮೇಲೂ ಮಾಡಿದ್ವಿ. ಅವರ ಮಗ ಮಾತಾಡಿದ್ರು. ಕಾಲು ಊತ ಇದ್ಯಾ, ತೂಕ ಜಾಸ್ತಿಯಾಗಿದ್ಯಾ, ಮಲಗಿದ್ರೆ ಉಸಿರು ಕಟ್ಟತ್ತಾ, ದಿಂಬು ಜಾಸ್ತಿ ಇಟ್ಕೋತಾರಾ, ಎಲ್ಲ ಕೇಳ್ದೆ. ಏನೂ ಇಲ್ಲ, ಫಸ್ಟ್ ಕ್ಲಾಸಾಗಿದ್ದಾರೆ ಅಂದ್ರು. ಒಂದ್ಸಲ ಕರ್ಕೊಂಡ್ ಬನ್ನಿ ಅಂದ್ರೂ, ಅವಶ್ಯಕತೆ ಇಲ್ಲ ಮೇಡಂ ಅಂದ್ರು." ಸ್ಕ್ರೀನನ್ನು ತನ್ನ ಕಡೆ ತಿರುಗಿಸಿಕೊಳ್ಳುತ್ತಾ, "ತುಂಬಾ ಚೆನ್ನಾಗ್ ಮಾತಾಡ್ತಾರೆ ಮೇಡಂ ಅವ್ರು" ಎಂದಳು.

ಅಣ್ಣ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಕಾರಿಗೆ ಒರಗಿ ನಿಂತಿದ್ದ. ಟೀ ಶರ್ಟು ಹಿಂದುಮುಂದಾಗಿತ್ತು. ಮನೆಯಿಂದ ಅವ್ವನನ್ನು ಎತ್ತಿಕೊಂಡೇ ಓಡಿ ಬಂದಿದ್ದ. ಅದನ್ನು ನೋಡಿಯೂ ನಾನು ಬಿಡಲಿಲ್ಲ.

"ಆಸ್ಪತ್ರೆಯಿಂದ ಫೋನ್ ಬಂದಿತ್ತಾ?"

"ಬಂದಿತ್ತು."

"ಏನಂದೆ?"

"ಚೆನ್ನಾಗವ್ರೆ ಅಂದೆ."

"ಅವ್ವನ್ನ ಕೇಳಿ ಹೇಳ್ದಾ?"

"ಅವ್ವನ್ನ ಏನ್ ಕೇಳದು? ನಾನು ಅಂಗ್ಡೀಲಿದ್ದೆ. ಈಗ ಗಾಡಿ ಸರ್ವೀಸ್‌ಗೆ ಬಿಟ್ರೆ, ಆಮೇಲೆ ಅವ್ರು ಫೋನ್ ಮಾಡಿ ಗಾಡಿ ಹೆಂಗೈತೆ ಸಾರ್ ಅಂತ ಕೇಳಲ್ವಾ? ಚೆನ್ನಾಗೈತೆ ಅಂತೀವಿ, ಐದು ಸ್ಟಾರ್ ಕೊಡಿ ಸಾರ್ ಅಂತಾರೆ, ಕೊಡ್ತೀವಿ. ಹಂಗೇ ಅನ್ಕಂಡೆ."

"ಅಣ್ಣ, ಕಾಲು ಊದಿದ್ಯಾ ಅಂತ ಕೇಳಿದ್ದಾಳೆ ಅವಳು. ಗಾಡೀಗೆ ಕಾಲು ಊದತ್ತಾ?"

ಅವನು ಅಕ್ಕಪಕ್ಕ ಯಾರಿದ್ದಾರೆಂದು ನೋಡಿದ. ಆಮೇಲೆ ದನಿ ತಗ್ಗಿಸಿ ಹೇಳಿದ. "ಬೋಣಿ ಆಗಿರ್ಲಿಲ್ಲ ಕಣೇ."

ಪೇಟೆಯಲ್ಲಿ ಬೆಳೆದವರಿಗೆ ಇದನ್ನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಅಂಗಡಿ ತೆರೆದು, ನೀರು ಚಿಮುಕಿಸಿ, ಊದುಬತ್ತಿ ಹಚ್ಚಿದ ಮೇಲೆ ಮೊದಲ ಗಿರಾಕಿ ಕೊಡುವ ದುಡ್ಡು ಬೋಣಿ. ಅದು ಕೈಗೆ ಬೀಳುವವರೆಗೆ ಅಂಗಡಿಯವನು ಸಾಲ ಕೊಡುವುದಿಲ್ಲ, ಇಲ್ಲ ಎನ್ನುವುದಿಲ್ಲ, ಕೆಟ್ಟ ಮಾತು ಬಾಯಿಂದ ಬಿಡುವುದಿಲ್ಲ. ನಮ್ಮಣ್ಣ ಇದರಲ್ಲಿ ಬಲು ಕಟ್ಟುನಿಟ್ಟು. ಆಸ್ಪತ್ರೆಯವರು ಡಬ್ಬಿಯ ಸಮಾಚಾರ ನೋಡಿ ಫೋನ್ ಮಾಡುವುದು ಬೆಳಿಗ್ಗೆ, ಅವನು ಊದುಬತ್ತಿ ಹಚ್ಚಿ ಗಿರಾಕಿಗೆ ಕಾಯುತ್ತಾ ಕೂರುವ ಹೊತ್ತಿಗೇ.

"ಅಂಗ್ಡಿ ಬಾಗ್ಲು ತೆಗ್ದು, ದೇವ್ರಿಗೆ ದೀಪ ಹಚ್ಚಿ, ಅದೇ ಬಾಯಲ್ಲಿ ನಮ್ಮವ್ವಂಗೆ ಕಾಲು ಊದೈತೆ, ಉಸ್ರು ಕಟ್ತದೆ ಅನ್ನಕ್ಕಾಯ್ತದೇನೇ? ಹೆತ್ತೋಳ ಬಗ್ಗೆ? ನಾಲ್ಗೆ ಬರ್ತದಾ?"

"ಹಂಗಾದ್ರೆ ಊದಿತ್ತು ಅಂತ ಗೊತ್ತಿತ್ತು ನಿಂಗೆ."

"ಚಪ್ಲಿ ಬಿಗಿಯಾಯ್ತದೆ ಅಂತಿದ್ಲು. ಬೇರೆ ತಂದ್ಕೊಟ್ಟೆ." ಕಣ್ಣು ಒರೆಸಿಕೊಂಡ. "ನಾನೇನ್ ಸಾಯ್ಲಿ ಅಂತ ಅಂದ್ನಾ? ಒಳ್ಳೇದಾಗ್ಲಿ ಅಂತ ತಾನೆ ಚೆನ್ನಾಗವ್ರೆ ಅಂದಿದ್ದು?"

ಬೈಗುಳ ಎಷ್ಟೋ ಬಂದವು ಬಾಯಿಗೆ. ಅವನ ಹಿಂದುಮುಂದಾದ ಟೀ ಶರ್ಟಿನ ಲೇಬಲ್ಲು ಕತ್ತಿನ ಮುಂದೆ ಅಲ್ಲಾಡುತ್ತಿತ್ತು. ಯಾರದೋ ಕಾರು ಹಾರನ್ ಮಾಡಿತು, ದಾರಿ ಬಿಟ್ಟು ನಿಂತೆವು.

ಅವ್ವ ಉಳಿದಳು. ನೀರಿಳಿಯಲು ಇಂಜೆಕ್ಷನ್ ಕೊಟ್ಟರು, ಮಾತ್ರೆ ಬದಲಾಯಿಸಿದರು. ಆದರೆ ಹೋದ ಅವ್ವ ಪೂರ್ತಿ ವಾಪಸು ಬರಲಿಲ್ಲ. ಹೃದಯ ಇನ್ನಷ್ಟು ಸೋತಿದೆ ಎಂದು ಡಾಕ್ಟರು ನೇರವಾಗಿಯೇ ಹೇಳಿದರು. ಹಿತ್ತಿಲ ಬಾಗಿಲವರೆಗೆ ನಡೆದು ದಾಸವಾಳ ಕೀಳುತ್ತಿದ್ದವಳು ಈಗ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ. ಬೇಗ ಬಂದಿದ್ದರೆ ಮಾತ್ರೆಯಲ್ಲೇ ಮುಗಿಯುತ್ತಿತ್ತು ಎಂದು ಅವರು ಹೇಳಿದಾಗ ಅಣ್ಣ ಅಲ್ಲಿರಲಿಲ್ಲ. ನಾನು ಅವನಿಗೆ ಹೇಳಲೂ ಇಲ್ಲ.

ಮನೆಗೆ ಕಳಿಸುವ ದಿನ ಅವ್ವನನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿಕೊಂಡು ಮತ್ತೆ ಆ ಸಣ್ಣ ಕೋಣೆಗೆ ಹೋದೆ. "ನಂಬರು ಬದಲಾಯಿಸಬೇಕು" ಎಂದೆ. ಹುಡುಗಿ ಕೀಬೋರ್ಡಿನ ಮೇಲೆ ಕೈಯಿಟ್ಟು, "ಅಜ್ಜಿ, ಮಗಳ ನಂಬರ್ ಹಾಕ್ಲಾ?" ಎಂದು ಜೋರಾಗಿ ಕೇಳಿದಳು.

"ಬ್ಯಾಡ."

"ಅವ್ವ!"

"ಬ್ಯಾಡ ಕಣ್ ಮಗ. ಅವಂದೇ ಇರ್ಲಿ."

"ಜೀವ ಹೋಗ್ತಿತ್ತಲ್ಲವ್ವ ನಿಂದು!"

"ಹೋಗ್ಲಿಲ್ವಲ್ಲ." ಉಸಿರು ತೆಗೆದುಕೊಂಡು ಮುಂದುವರಿಸಿದಳು. "ಈಗ ಅವನ್ ನಂಬರ್ ತೆಗ್ಸುದ್ರೆ, ಇವನ್ ಕೈಲಿ ಆಗ್ಲಿಲ್ಲ, ಅದುಕ್ಕೇ ತೆಗ್ಸುದ್ಲು ಅಂತ ಆಯ್ತದೆ. ಅವ್ನು ತಡಕೊಳಲ್ಲ. ನೀನಾದ್ರೆ ತಡಕೋತೀಯ. ಓದಿರೋಳು."

ಹುಡುಗಿ ನನ್ನ ಮುಖ ನೋಡಿದಳು. ಪೇಷಂಟ್ ಹೇಳಿದ್ದನ್ನೇ ಹಾಕಬೇಕು. ಕೀಬೋರ್ಡಿನಿಂದ ಕೈ ತೆಗೆದಳು.

ನಾನು ಕಾಲೇಜಿಗೆ ಹೋಗುತ್ತೇನೆಂದು ಹಟ ಹಿಡಿದಾಗ ಅಪ್ಪನ ಎದುರು ನಿಂತು "ಹೋಗ್ಲಿ ಬಿಡಿ" ಎಂದವಳು ಇದೇ ಅವ್ವ. ಆ ಒಂದು ಮಾತಿನ ಋಣವನ್ನು ಇಷ್ಟು ವರ್ಷ ಹೆಮ್ಮೆಯಿಂದ ಹೊತ್ತಿದ್ದೆ. ಅವಳು ನನ್ನನ್ನು ಕಳಿಸಿದ್ದು ನಾನು ತಡೆದುಕೊಳ್ಳುವುದನ್ನು ಕಲಿಯಲಿ ಎಂದೇ ಇರಬೇಕು ಎಂದು ಆವತ್ತು, ಆಸ್ಪತ್ರೆಯ ಲಿಫ್ಟಿನಲ್ಲಿ ಇಳಿಯುತ್ತಾ ಅನ್ನಿಸಿತು. ಆ ಕಹಿ ಇನ್ನೂ ಇದೆ.

ಅಣ್ಣ ಮಾತ್ರ ತನಗೆ ತೋಚಿದ ದಾರಿ ಹುಡುಕಿದ್ದ. ಟೆಕ್ನಿಷಿಯನ್ ಹುಡುಗಿಗೆ ತಾನೇ ಫೋನ್ ಮಾಡಿ, "ಮೇಡಂ, ಬೋಣಿ ಆದ್ಮೇಲೆ ಮಾಡಿ ಮೇಡಂ, ಆಗ ಇದ್ದದ್ದು ಇದ್ದಂಗೇ ಹೇಳ್ತೀನಿ" ಎಂದನಂತೆ. ಬೋಣಿ ಎಷ್ಟು ಹೊತ್ತಿಗೆ ಆಗುತ್ತದೆ ಸಾರ್ ಎಂದು ಅವಳು ಕೇಳಿದ್ದಾಳೆ. ಅದು ನಮ್ ಕೈಲೈತಾ ಮೇಡಂ ಎಂದಿದ್ದಾನೆ. ಇದನ್ನು ಅವನೇ ನನಗೆ ಹೇಳಿದ, ತಮಾಷೆಯಂತಲ್ಲ, ದೊಡ್ಡ ಸಮಸ್ಯೆಯೊಂದರ ಬಗ್ಗೆ ಮಾತಾಡುವವನಂತೆ.

ಅದಕ್ಕೇ ಈಗ ದಿನಾ ಬೆಳಿಗ್ಗೆ ಕಾಲೇಜಿಗೆ ಹೋಗುವ ಮುಂಚೆ ನಾನು ಪದ್ಮನಾಭನಗರದಿಂದ ಗಾಡಿ ಹತ್ತಿ ಕೋಣನಕುಂಟೆಗೆ ಹೋಗುತ್ತೇನೆ. ಮೊದಲು ಅವ್ವನ ಕೋಣೆ. ಅವಳ ಪಾದ ಒತ್ತಿ ನೋಡುತ್ತೇನೆ, ತೂಕದ ಯಂತ್ರದ ಮೇಲೆ ನಿಲ್ಲಿಸುತ್ತೇನೆ, ದಿಂಬು ಎಷ್ಟಿದೆ ನೋಡುತ್ತೇನೆ. ಆಮೇಲೆ ಅಂಗಡಿಗೆ ಬಂದು ಒಂದಷ್ಟು ಮೊಳೆಯೋ, ಒಂದು ಚಿಲಕವೋ ಕೊಂಡು ದುಡ್ಡು ಕೊಡುತ್ತೇನೆ. ಬೋಣಿ ನಾನೇ ಮಾಡುತ್ತೇನೆ.

ಮೊದಲ ದಿನ ಅಣ್ಣ ದುಡ್ಡು ನೋಡಿ ಯೋಚಿಸಿದ. "ಮನೆಯೋರ್ ದುಡ್ಡು ಬೋಣಿಗೆ ಆಗಲ್ಲ ಕಣೇ" ಎಂದ. ಆಮೇಲೆ ತಾನೇ ಮುಖ ಅರಳಿಸಿ, "ಇಲ್ಲ ಇಲ್ಲ, ಆಯ್ತದೆ. ನೀನು ಕೊಟ್ಟ ಮನೆಯೋಳಲ್ವಾ, ಹೊರ್ಗಿನೋರ್ ಲೆಕ್ಕ" ಎಂದು ನೋಟನ್ನು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದ. "ಹೆಣ್ಮಕ್ಳ ಕೈ ಬೋಣಿ ಒಳ್ಳೇದು. ವ್ಯಾಪಾರ ಸಖತ್ತಾಗ್ ಆಯ್ತದೆ ನೋಡು."

ಕಳೆದ ವಾರ ನಾನಿರುವಾಗಲೇ ಆಸ್ಪತ್ರೆಯ ಫೋನು ಬಂತು. ಅಣ್ಣ ಗಲ್ಲಾಪೆಟ್ಟಿಗೆಯ ಕಡೆ ಒಮ್ಮೆ ನೋಡಿ, ಧೈರ್ಯವಾಗಿ ಎತ್ತಿದ. ಫೋನನ್ನು ನನಗೆ ಕೊಡಲಿಲ್ಲ. ಅವಳು ಕೇಳಿದ್ದನ್ನು ಕೇಳಿಸಿಕೊಂಡು, ಕೈಯಿಂದ ಮುಚ್ಚಿ, ನನ್ನತ್ತ ಹುಬ್ಬು ಹಾರಿಸಿದ. "ಕಾಲು?"

"ಎಡಗಾಲು ಊದಿದೆ. ನಿನ್ನೆಗಿಂತ ಜಾಸ್ತಿ."

"ಎಡಗಾಲು ಊದೈತೆ ಮೇಡಂ, ನಿನ್ನೆಗಿಂತ ಜಾಸ್ತಿ." ಮತ್ತೆ ಮುಚ್ಚಿದ. "ತೂಕ?"

"ಏರಿದೆ."

"ಏರೈತೆ ಮೇಡಂ. ದಿಂಬಾ? ಒಂದ್ನಿಮ್ಷ." ನಾನು ಎರಡು ಬೆರಳು ತೋರಿಸಿದೆ. "ಎರಡು ಇಟ್ಕೊಂಡವ್ರೆ ಮೇಡಂ. ಹೂಂ ಮೇಡಂ, ನಾನೇ ನೋಡ್ದೆ. ದಿನಾ ನಾನೇ ನೋಡದು."

ಆ ಕಡೆಯ ದನಿ ನನಗೂ ಕೇಳಿಸಿತು. ನೀರಿಳಿಯುವ ಮಾತ್ರೆಯನ್ನು ಇವತ್ತಿನಿಂದಲೇ ಹೆಚ್ಚಿಸಿ, ಡಾಕ್ಟರ್ ಹೇಳಿದ್ದಾರೆ, ನಾಳೆ ಮತ್ತೆ ಫೋನ್ ಮಾಡುತ್ತೇವೆ ಎಂದಳು ಹುಡುಗಿ. ಕೊನೆಗೆ, ಎಲ್ಲ ಮಕ್ಕಳೂ ನಿಮ್ಮಂಗೇ ನೋಡ್ಕೊಂಡ್ರೆ ನಮ್ ಕೆಲ್ಸ ಎಷ್ಟು ಈಸಿ ಸಾರ್, ಎಂದಳು. ಅಣ್ಣ ನಾಚಿ, "ಅಯ್ಯೋ, ನಮ್ ಕರ್ತವ್ಯ ಮೇಡಂ" ಎಂದ.

ನಾನು ಒಳಗೆ ಹೋಗಿ ಅವ್ವನಿಗೆ ಮಾತ್ರೆ ನುಂಗಿಸಿದೆ. "ಫೋನ್ ಬಂದಿತ್ತಾ? ಅವ್ನೇ ಮಾತಾಡುದ್ನಾ?" ಎಂದು ಕೇಳಿದಳು. ಹೂಂ ಎಂದೆ. ಕಣ್ಣು ಮುಚ್ಚಿ ದಿಂಬಿಗೆ ಒರಗಿದಳು. ಡಬ್ಬಿ ಗೋಡೆಯ ಕಡೆ ಮುಖ ಮಾಡಿತ್ತು, ಸೀರೆ ಬದಲಾಯಿಸಿದ ಮೇಲೆ ತಿರುಗಿಸುವುದನ್ನು ಮರೆತಿದ್ದಳು. ತಿರುಗಿಸಿ ಇಟ್ಟು, ಆವತ್ತು ಕೊಂಡ ಚಿಲಕವನ್ನು ಬ್ಯಾಗಿಗೆ ಹಾಕಿಕೊಂಡು ಕಾಲೇಜಿಗೆ ಹೊರಟೆ. ನಮ್ಮ ಮನೆಯ ಒಂದು ಡ್ರಾಯರಿನ ತುಂಬಾ ಈಗ ಯಾವ ಬಾಗಿಲಿಗೂ ಬೇಕಿಲ್ಲದ ಚಿಲಕಗಳಿವೆ.